ಉಪವಾಸದ ತಾಕು

ಬೆಂಗಳೂರಿನ ಆ ಕಚೇರಿಯ ಕೋಣೆಯಲ್ಲಿ ಮೂರು ಕುರ್ಚಿಗಳಿದ್ದವು. ಒಂದರಲ್ಲಿ ಅಧೀನ ಕಾರ್ಯದರ್ಶಿ ಕುಳಿತಿದ್ದರು. ಇನ್ನೊಂದರ ಮೇಲೆ ಅವರ ಊಟದ ಚೀಲ ಕುಳಿತಿತ್ತು. ಮೂರನೆಯದು ಖಾಲಿಯಿತ್ತು. ನಾನು ನಿಂತೇ ಇದ್ದೆ. ಕೂರಿ ಎಂದು ಅವರು ಹೇಳಲಿಲ್ಲ. ಹೇಳದೆ ಕೂರುವುದು ನನ್ನ ಅಭ್ಯಾಸವಲ್ಲ. ನನ್ನ ಕೈಯಲ್ಲಿ ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿಯಿತ್ತು.

"ಇದು ನಮಗೆ ಇನ್ನೂ ಬಂದಿಲ್ಲ," ಎಂದರು.

"ನಾನೇ ತಂದಿದ್ದೇನೆ."

"ನೀವು ತಂದ್ರೆ ಬಂದ ಹಾಗಾಗಲ್ಲ ಸ್ವಾಮಿ. ಅದು ಬರೋ ದಾರೀಲಿ ಬರಬೇಕು."

ಆ ಪ್ರತಿಯನ್ನು ಅವರು ಮುಟ್ಟಲೂ ಇಲ್ಲ. ಪೆನ್ನಿನ ತುದಿಯಿಂದ ನನ್ನ ಕಡೆಗೆ ತಳ್ಳಿದರು. ಆ ಪೆನ್ನಿನ ಬಣ್ಣ ಕೂಡ ನನಗೆ ಇಂದಿಗೂ ನೆನಪಿದೆ. ಹಸಿರು.

ಆ ಆದೇಶ ಒಂದು ತುಂಡು ನೆಲಕ್ಕೆ ಸಂಬಂಧಿಸಿದ್ದು. ಹುಣಸೂರು ತಾಲ್ಲೂಕಿನ ಗಾವಡಗೆರೆ ಕಡೆಯಲ್ಲಿ, ಹೊಗೆಸೊಪ್ಪಿನ ಹೊಲಗಳ ನಡುವೆ, ಮಳೆಯನ್ನೇ ನಂಬಿದ ಖುಷ್ಕಿ ಬೇಸಾಯದ ಒಂದು ಸಣ್ಣ ಸಂಶೋಧನಾ ಕ್ಷೇತ್ರವಿತ್ತು. ನನ್ನ ಉದ್ಯೋಗದ ಬಹುಭಾಗ ಅಲ್ಲಿಯೇ ಕಳೆಯಿತು. ಅಲ್ಲಿನ ಕೆಂಪು ಮಣ್ಣಿನಲ್ಲಿ ಸಾಲಾಗಿ ಕೆಲವು ತಾಕುಗಳನ್ನು ಮಾಡಿ, ವರ್ಷವೂ ಎಲ್ಲದರಲ್ಲಿಯೂ ಒಂದೇ ತಳಿಯ ರಾಗಿಯನ್ನು ಬಿತ್ತುತ್ತಿದ್ದೆವು. ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಚೀಲದ ಗೊಬ್ಬರ, ಒಂದಕ್ಕೆ ಎರಡೂ. ಇನ್ನೊಂದರಲ್ಲಿ ಮೊದಲು ಹೊಗೆಸೊಪ್ಪು, ಅದರ ಬೆನ್ನಿಗೆ ರಾಗಿ. ಕೊನೆಯ ತಾಕಿಗೆ ಏನನ್ನೂ ಹಾಕುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಅದಕ್ಕೆ ಒಂದು ಹಿಡಿ ಗೊಬ್ಬರ ಬಿದ್ದಿರಲಿಲ್ಲ. ಬಿತ್ತುವುದು, ಕಳೆ ತೆಗೆಯುವುದು, ಕೊಯ್ಯುವುದು, ಅಷ್ಟೇ. ಅಲ್ಲಿನ ರಾಗಿ ಮೊಣಕಾಲೆತ್ತರ ಬೆಳೆದರೆ ಹೆಚ್ಚು.

ಉಳಿದ ಎಲ್ಲ ತಾಕುಗಳ ಅರ್ಥವೂ ಆ ಬಡಕಲು ತಾಕಿನಲ್ಲಿತ್ತು. ನಾವು ಏನನ್ನೂ ಕೊಡದ ನೆಲ ನಮಗೆ ಎಷ್ಟು ಕೊಡುತ್ತದೆಂದು ತಿಳಿಯದೆ, ಕೊಟ್ಟದ್ದರ ಫಲವೆಷ್ಟೆಂದು ಹೇಳುವುದು ಹೇಗೆ? ಹೊಗೆಸೊಪ್ಪು ಈ ಮಣ್ಣಿನಿಂದ ಏನನ್ನು ಎತ್ತಿಕೊಂಡು ಹೋಗಿದೆ, ಅದನ್ನು ಬಿಟ್ಟ ರೈತ ಎಷ್ಟು ವರ್ಷದಲ್ಲಿ ಚೇತರಿಸಿಕೊಳ್ಳಬಹುದು ಎಂದು ಕೇಳಿಕೊಂಡು ರಾವಂದೂರಿನಿಂದ, ಹೆಗ್ಗಡದೇವನಕೋಟೆಯ ಕಡೆಯಿಂದ ಬೇಸಾಯಗಾರರು ಬರುತ್ತಿದ್ದರು. ನಾನು ಅವರನ್ನು ಮೊದಲು ಕರೆದೊಯ್ಯುತ್ತಿದ್ದದ್ದು ಆ ಕೊನೆಯ ತಾಕಿಗೆ. ನನಗಿಂತ ಮೊದಲು ಆ ಕ್ಷೇತ್ರವನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ ನಿವೃತ್ತರಾಗಿ, ಹಾಸಿಗೆ ಹಿಡಿದಿದ್ದಾಗ ನೋಡಲು ಹೋಗಿದ್ದೆ. ಅವರು ನನ್ನ ಮನೆಮಂದಿಯ ಕ್ಷೇಮ ಕೇಳಲಿಲ್ಲ. "ಅದಕ್ಕೆ ಯಾರೂ ಏನೂ ಹಾಕಿಲ್ಲ ತಾನೆ?" ಎಂದು ಕೇಳಿದರು. ಇಲ್ಲ ಎಂದೆ. ಕಣ್ಣು ಮುಚ್ಚಿಕೊಂಡರು. ಅಂದಿನಿಂದ ನಾನು ಕಾಯ್ದುಕೊಂಡು ಬಂದದ್ದು ಆ ಒಂದು "ಇಲ್ಲ"ವನ್ನು.

ಊರಿನವರು ಅದನ್ನು ಉಪವಾಸದ ತಾಕು ಎನ್ನುತ್ತಿದ್ದರು. ಆ ಹೆಸರಿಟ್ಟವನು ಪಕ್ಕದ ಹೊಲದ ರೈತ; ನನಗಿಂತ ತುಸು ಚಿಕ್ಕವನು, ಬೆಂಕಿಯ ಕಾವಿನಲ್ಲಿ ಹೊಗೆಸೊಪ್ಪು ಬೇಯಿಸುವ ಎರಡು ಬ್ಯಾರನ್ನುಗಳಿದ್ದ ಗಟ್ಟಿ ಕುಳ. ಬದುವಿನ ಮೇಲೆ ಕುಳಿತು ನನ್ನನ್ನು ಕೆಣಕದೆ ಅವನ ದಿನ ಮುಗಿಯುತ್ತಿರಲಿಲ್ಲ.

"ಅಲ್ಲಾ ಕಣ್ರೀ ಸಾ, ಸಂಬ್ಳ ತಗಂಡು ನೆಲಕ್ಕೆ ಅನ್ನ ಇಕ್ದೆ ಸಾಯ್ಸೋ ಕೆಲ್ಸ ನಾ ಎಲ್ಲೂ ಕಾಣೆ!"

"ನಿನ್ನ ಹೊಲಕ್ಕೆ ಎಷ್ಟು ಇಕ್ಕಬೇಕೂಂತ ತಿಳಿಯೋದಕ್ಕೇ ಇದು ಹಸಿದುಕೊಂಡಿದೆಯಪ್ಪ."

"ನನ್ ವಟ್ಟೆಗೆ ಎಷ್ಟು ಇಕ್ಬೇಕೂಂತ ತಿಳ್ಯಾಕೆ ನೀವು ಉಪಾಸ ಇದ್ದಂಗಾಯ್ತು ಬುಡಿ!" ಎಂದು ನಗುತ್ತಿದ್ದ. ಆದರೆ ಅವನ ದನ ಒಮ್ಮೆಯೂ ಬದು ದಾಟಲಿಲ್ಲ. ಯುಗಾದಿಯಂದು ತನ್ನ ಹೊಲಕ್ಕೆ ಪೂಜೆ ಮಾಡಿದ ಮೇಲೆ ಅವನ ಹೆಂಡತಿ ಬೇಲಿಯ ಆಚೆಯಿಂದಲೇ ಆ ತಾಕಿಗೂ ಕೈ ಮುಗಿಯುತ್ತಿದ್ದುದನ್ನು ನಾನು ಕಂಡಿದ್ದೇನೆ.

ನಾನು ನಿವೃತ್ತನಾಗಿ ಕೃಷ್ಣರಾಜನಗರದ ಮನೆ ಸೇರಿದ ಕೆಲವು ವರ್ಷಗಳ ಮೇಲೆ ಇಲಾಖೆ ಒಂದು ಆಜ್ಞೆ ಹೊರಡಿಸಿತು. ಕ್ಷೇತ್ರದ ಸಂಶೋಧನಾ ಅನುದಾನ ರದ್ದು. ಕಾರಣ ಒಂದೇ ಸಾಲು: ಒಂದೇ ಪ್ರಯೋಗವನ್ನು ವರ್ಷವರ್ಷವೂ ಪುನರಾವರ್ತಿಸಲಾಗುತ್ತಿದೆ. ಪುನರಾವರ್ತನೆಯೇ ಆ ಪ್ರಯೋಗದ ಪ್ರಾಣವೆಂದು ಅರಿಯದವರು ಬರೆದ ಸಾಲು ಅದು. ಗುತ್ತಿಗೆಯ ಮೇಲಿದ್ದ ಕಿರಿಯ ವಿಜ್ಞಾನಿಯ ಕೆಲಸ ಹೋಯಿತು. ಆಕೆ ಮತ್ತು ನಾನು ಸೇರಿ ನ್ಯಾಯಾಲಯಕ್ಕೆ ಹೋದೆವು. ನಮ್ಮ ವಕೀಲೆ ಮೈಸೂರಿನ ಹೆಣ್ಣುಮಗಳು. ಶುಲ್ಕದ ಮಾತನ್ನು ಎತ್ತಲಿಲ್ಲ. ನ್ಯಾಯಾಲಯ ನಮ್ಮ ಮಾತನ್ನು ತಾಳ್ಮೆಯಿಂದ ಕೇಳಿತು. ರದ್ದತಿಗೆ ತಡೆ ನೀಡಿ, ವ್ಯಾಜ್ಯ ಮುಗಿಯುವ ತನಕ ಅನುದಾನವನ್ನು ಹಿಂದಿನಂತೆಯೇ ಬಿಡುಗಡೆ ಮಾಡಬೇಕು, ಪ್ರಯೋಗದ ನೆಲವನ್ನು ಯಥಾಸ್ಥಿತಿಯಲ್ಲಿ ಕಾಪಾಡಬೇಕು ಎಂದು ಆಜ್ಞಾಪಿಸಿತು.

ನಾನು ಆ ಆದೇಶವನ್ನು ತಾಕಿನ ಬದುವಿನ ಮೇಲೆ ನಿಂತು ಪಕ್ಕದ ಹೊಲದವನಿಗೆ ಓದಿ ಹೇಳಿದೆ. ಅವನು ಬೀಡಿ ಆರಿಸಿ ಕೇಳಿದ.

"ಅಂಗಾದ್ರೆ ಗೌರ್ಮೆಂಟ್ನೋರು ಕೊಡ್ತಾರಾ?"

"ಕೊಡಲೇಬೇಕು."

"ಕೊಡ್ಲೇಬೇಕು ಅನ್ನಾದು ಬ್ಯಾರೆ, ಕೊಡಾದು ಬ್ಯಾರೆ ಕಣ್ರೀ ಸಾ."

ನನಗೆ ಸಿಟ್ಟು ಬಂತು. ನ್ಯಾಯಾಲಯವೆಂದರೆ ಪಂಚಾಯಿತಿ ಕಟ್ಟೆಯಲ್ಲ ಎಂದು ಅವನನ್ನು ಗದರಿಸಿದೆ.

ಅನಂತರ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಇಲಾಖೆಯವರು ಮರೆತಿರಬಹುದು, ನಾನು ಮರೆತಿಲ್ಲ. ಮೊದಲು, ಆದೇಶ ತಲುಪಿಲ್ಲ ಎಂದರು. ಹಸಿರು ಪೆನ್ನಿನ ಭೇಟಿ ಆಗಿನದು. ತಲುಪಿದ ಮೇಲೆ, ಪರಿಶೀಲನೆಯಲ್ಲಿದೆ ಎಂದರು. ನ್ಯಾಯಾಧೀಶರು ಗಟ್ಟಿಯಾಗಿ ಕೇಳಿದಾಗ ಬಿಡುಗಡೆಯ ಆಜ್ಞೆಯೊಂದನ್ನು ಹೊರಡಿಸಿ, ಅದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆಯ ಷರತ್ತು ಸೇರಿಸಿದರು. ಆ ಒಪ್ಪಿಗೆಯನ್ನು ಕೇಳಿಯೇ ಇರಲಿಲ್ಲವೆಂದು ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಒಂದು ವಿಚಾರಣೆಯಲ್ಲಿ ಸರ್ಕಾರಿ ವಕೀಲರು ನಗುತ್ತ, "ಸ್ವಾಮಿ, ಇವರು ಕಾಪಾಡಿ ಅಂತಿರೋದು ಏನೂ ಹಾಕದ ಒಂದು ಖಾಲಿ ನೆಲ," ಎಂದರು. ನ್ಯಾಯಾಲಯದಲ್ಲಿದ್ದ ಕೆಲವರು ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಗೊತ್ತಿದೆ.

ಈ ನಡುವೆ ಕ್ಷೇತ್ರದ ಕಾವಲುಗಾರ ಸಂಬಳವಿಲ್ಲದೆ ಬಹುಕಾಲ ತಡೆದ. ಕೊನೆಗೆ ಪಿರಿಯಾಪಟ್ಟಣದ ಕಡೆಯ ಬ್ಯಾರನ್ನೊಂದರಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸಕ್ಕೆ ಹೊರಟುಹೋದ. ಹೋಗುವಾಗ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು ಅತ್ತ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಬೇಲಿಯನ್ನು ಗೆದ್ದಲು ತಿಂದಿತು. ನಾನು ದಿನವೂ ಬೆಳಗಿನ ಬಸ್ಸು ಹಿಡಿದು ಹೋಗಿ ಸಂಜೆಯವರೆಗೆ ತಾಕಿನ ಬಳಿ ಇರತೊಡಗಿದೆ. "ಉಪವಾಸದ ತಾಕಿಗೆ ಬುತ್ತಿ ಕಟ್ಟಿಸ್ಕೊಂಡು ಹೋಗೋರು ನೀವೊಬ್ಬರೇ," ಎಂದು ನನ್ನ ಹೆಂಡತಿ ಹಂಗಿಸುತ್ತಿದ್ದಳು. ಹಂಗಿಸುತ್ತಲೇ ಉಪ್ಪಿನಕಾಯಿಯ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದಳು. ಆ ಮುಂಗಾರಿನಲ್ಲಿ ಬಿತ್ತನೆಗೆ ಬೇಕಾದ ಆಳುಕಾಳನ್ನು ನಾನೂ ಆ ಕಿರಿಯ ವಿಜ್ಞಾನಿಯೂ ಹೊಂದಿಸಿಕೊಂಡೆವು. ಕೊಯ್ದೆವು. ಪ್ರಯೋಗದ ಕೊಂಡಿ ಕಳಚಲಿಲ್ಲ.

ಬೇಸಿಗೆಯಲ್ಲಿ, ನಾವು ಹಾಕಿದ್ದ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂತು. ಅಧೀನ ಕಾರ್ಯದರ್ಶಿ ಖುದ್ದಾಗಿ ಹಾಜರಾಗಬೇಕಿತ್ತು. ಆ ಮನುಷ್ಯ ನ್ಯಾಯಪೀಠದ ಮುಂದೆ ನಿಂತಿರುವುದನ್ನು ಕಣ್ಣಾರೆ ನೋಡಬೇಕೆಂದು ನಾನು ಬೆಂಗಳೂರಿಗೆ ಹೋದೆ. ವಿಚಾರಣೆ ಮರುದಿನಕ್ಕೆ ಹೋಯಿತು, ಮತ್ತೆ ಮುಂದಿನ ವಾರಕ್ಕೆ. ನೆಂಟರ ಮನೆಯಲ್ಲಿ ಉಳಿದೆ. ಕೊನೆಗೆ ಅವರು ಬಂದು ನಿಂತರು, ಬೇಷರತ್ತಾಗಿ ಕ್ಷಮೆ ಯಾಚಿಸಿದರು, ಅನುದಾನ ಬಿಡುಗಡೆಯಾಗಿದೆಯೆಂದು ಪ್ರಮಾಣಪತ್ರ ಸಲ್ಲಿಸಿದರು. ಹೊರಗೆ ಬಂದಾಗ ನನ್ನನ್ನು ನೋಡಿ, "ಸಂತೋಷ ಆಯ್ತಾ ಸ್ವಾಮಿ?" ಎಂದು ಕೇಳಿದರು. ಸಂತೋಷವಾಗಿತ್ತು; ಸುಳ್ಳು ಹೇಳಲಾರೆ. ಆ ಬಿಡುಗಡೆಯ ಹಣಕ್ಕೆ ಖಜಾನೆಯಲ್ಲಿ ಲೆಕ್ಕಶೀರ್ಷಿಕೆಯೇ ಇಲ್ಲ, ಒಂದು ಪೈಸೆಯೂ ಹೊರಬರುವಂತಿಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಮರಳಿ ಬಂದ ಬೆಳಿಗ್ಗೆ ನೇರವಾಗಿ ಹೊಲಕ್ಕೆ ಹೋದೆ. ಹಿಂದಿನ ಸಂಜೆ ಒಂದು ಒಳ್ಳೆಯ ಮಳೆ ಬಿದ್ದಿತ್ತು. ತಾಕು ಕಣ್ಣಿಗೆ ಬೀಳುವ ಮೊದಲೇ ನನಗೆ ವಾಸನೆ ಬಡಿಯಿತು. ಕುರಿಯ ಗಂಜಲದ ವಾಸನೆ.

ಉಪವಾಸದ ತಾಕಿನ ತುಂಬ ಹಿಕ್ಕೆ. ಮಳೆಯಲ್ಲಿ ನೆನೆದು, ಗೊರಸಿನ ತುಳಿತಕ್ಕೆ ಮಣ್ಣಿನೊಳಗೆ ಸೇರಿಹೋಗಿತ್ತು. ಬಲೆ ಕಟ್ಟಲು ನೆಟ್ಟ ಗೂಟಗಳ ಗುರುತು ನಾಲ್ಕು ಮೂಲೆಯಲ್ಲಿಯೂ ಇತ್ತು. ನಮ್ಮ ಅಳತೆಯ ಕಲ್ಲುಗಳ ಪಕ್ಕದಲ್ಲಿಯೇ, ಒಂದಿಷ್ಟೂ ಆಚೀಚೆಯಾಗದೆ. ಬೇಸಿಗೆಯಲ್ಲಿ ಶಿರಾ ಕಡೆಯ ಕುರಿಗಾಹಿಗಳು ಮಂದೆ ಹೊಡೆದುಕೊಂಡು ಈ ಸೀಮೆಗೆ ಬರುವುದು, ರಾತ್ರಿ ಕುರಿಗಳನ್ನು ಹೊಲದಲ್ಲಿ ತಂಗಿಸುವುದು, ರೈತರು ಅದಕ್ಕಾಗಿ ಅವರಿಗೆ ರಾಗಿ ಅಳೆದುಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಮಂದೆ ಬಿದ್ದ ನೆಲ ವರ್ಷಗಟ್ಟಲೆ ಅದನ್ನು ಮರೆಯುವುದಿಲ್ಲ.

ಪಕ್ಕದ ಹೊಲದವನು ಬದುವಿನ ಮೇಲಿಂದ ಬಂದ. ಮುಖದಲ್ಲಿ ಅಂಥ ನಗುವನ್ನು ನಾನು ಅವನ ಮಗಳ ಮದುವೆಯಲ್ಲಿಯೂ ಕಂಡಿರಲಿಲ್ಲ.

"ಬಂದ್ರಾ ಸಾ! ಯೋಳ್ದೆ ಮಾಡ್ಬುಟ್ಟೆ, ಬಯ್ಯಬ್ಯಾಡಿ. ಮಂದೆಯೋನು ನನ್ ವಲಕ್ಕೆ ಬಂದಿದ್ದ. ಲೇ, ಮೊದ್ಲು ಅಲ್ಲಿ ಬುಡ್ಲಾ, ನನ್ದು ಆಮೇಲಾಗ್ಲಿ ಅಂದೆ. ಎಲ್ಡು ರಾತ್ರೆ ಜಾಸ್ತಿನೇ ಕೂರ್ಸಿವ್ನಿ!"

ನಾನು ಬಗ್ಗಿ ಒಂದು ಹಿಡಿ ಮಣ್ಣನ್ನು ಎತ್ತಿಕೊಂಡೆ.

"ಆಫೀಸ್ನೋರೆಲ್ಲ ಒಂಟೋದ್ರಲ್ಲ ಸಾ. ಅವ್ರು ಯೋಳಿದ್ಕೆ ತಾನೆ ಇದು ಉಪಾಸ ಇದ್ದದ್ದು? ಅವ್ರೇ ಕೈ ಬುಟ್ಮ್ಯಾಕೆ ಇನ್ಯಾಕೆ? ನೀವೂ ಸೊರಗೋಗಿದ್ರಿ ಅದ್ನ ಕಾದೂ ಕಾದೂ. ನನ್ ಯೆಂಡ್ರೂ ಅಂದ್ಲು, ಪಾಪ, ಆ ಭೂಮ್ತಾಯ್ಗೂ ಒಂದೊತ್ತು ಇಕ್ಬುಡಿ, ಆ ಸಾರೂ ನೆಮ್ದಿಯಾಗಿರ್ಲಿ ಅಂತ."

ಅವನು ತನ್ನ ಪಾಲಿನ ಮಂದೆಯನ್ನು ನನಗೆ ಉಡುಗೊರೆ ಕೊಟ್ಟಿದ್ದ. ಕಾವಲುಗಾರನೊಬ್ಬ ಅಲ್ಲಿದ್ದಿದ್ದರೆ, ಕ್ಷೇತ್ರದ ಕೋಣೆಯ ಬಾಗಿಲು ತೆರೆದಿದ್ದರೆ, ಉಪವಾಸ ಮುಗಿದಿಲ್ಲವೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. "ಒಳ್ಳೇದಾಯ್ತಪ್ಪ," ಎಂದೆ. ಅವನು ತನ್ನ ಮನೆಗೆ ಕರೆದೊಯ್ದು ಕಾಫಿ ಕೊಡಿಸಿದ. ಕುಡಿದೆ.

ಸಂಜೆ ವಕೀಲೆಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. "ಸರ್, ಇದು ಬೇರೆ ಯಾರಿಗಾದ್ರೂ ಗೊತ್ತಾಗುತ್ತಾ?" ಎಂದಳು.

"ಇಲ್ಲ."

"ಹಾಗಿದ್ರೆ ನಾವು ಹೇಳಲೇಬೇಕಾ?"

ಅದು ಕೆಟ್ಟ ಪ್ರಶ್ನೆಯಲ್ಲ. ಎದುರು ಪಕ್ಷದವರು ಪ್ರಮಾಣ ಮಾಡಿ ಹೇಳಿದ ಸುಳ್ಳುಗಳನ್ನು ಎಣಿಸಿದರೆ ನಮ್ಮದೊಂದು ಮೌನ ಏನೂ ಅಲ್ಲ. ಆದರೆ ಮಂದೆ ಬಿದ್ದ ನೆಲವನ್ನು ಏನೂ ಬೀಳದ ನೆಲವೆಂದು ನಾಳೆ ಯಾವನೋ ನಂಬುತ್ತಾನೆ. ಅದರ ಪಕ್ಕದಲ್ಲಿಟ್ಟು ತನ್ನ ಮಣ್ಣನ್ನು ಅಳೆಯುತ್ತಾನೆ. ಹಾಸಿಗೆಯ ಮೇಲಿದ್ದ ಆ ಹಿರಿಯರಿಗೆ ನಾನು ಹೇಳಿದ್ದ ಮಾತು ಇನ್ನು ನಿಜವಲ್ಲ. ಹೇಳಬೇಕು ಎಂದೆ.

ನನ್ನ ಪ್ರಮಾಣಪತ್ರದಲ್ಲಿ ಸತ್ಯವನ್ನೇ ಬರೆಸಿದೆ: ಕಾವಲಿಲ್ಲದ ಕಾರಣ ತಾಕಿನಲ್ಲಿ ಕುರಿಮಂದೆ ತಂಗಿತ್ತು, ಪ್ರಯೋಗ ಕೆಟ್ಟಿದೆ. ಯಾರು ತಂಗಿಸಿದರೆಂದು ಬರೆಸಲಿಲ್ಲ. ಅತಿಕ್ರಮಣದ ಮೊಕದ್ದಮೆ ಹೂಡುತ್ತೇವೆ, ಹೆಸರು ಕೊಡಿ ಎಂದು ಇಲಾಖೆ ನನಗೆ ಪತ್ರ ಬರೆಯಿತು. ನನ್ನ ಯಾವ ಪತ್ರಕ್ಕೂ ಉತ್ತರಿಸದಿದ್ದವರು ಆ ಪತ್ರವನ್ನು ಮಾತ್ರ ಬಲು ಬೇಗ ಕಳುಹಿಸಿದರು. ಅದು ಬರೋ ದಾರಿಯಲ್ಲಿಯೇ ಬಂತು. ನಾನು ಉತ್ತರಿಸಲಿಲ್ಲ.

ಮುಂದಿನ ವಿಚಾರಣೆಯಲ್ಲಿ ಸರ್ಕಾರಿ ವಕೀಲರು ನಗಲಿಲ್ಲ, ನಗುವ ಅಗತ್ಯವಿರಲಿಲ್ಲ. ಕಾಪಾಡಬೇಕಾದದ್ದೇ ಇಲ್ಲವಾದ ಮೇಲೆ ಅರ್ಜಿಯಲ್ಲಿ ಏನೂ ಉಳಿದಿಲ್ಲ ಎಂದರು. ನ್ಯಾಯಾಲಯ ಇಲಾಖೆಯ ನಡತೆ ವಿಷಾದನೀಯವೆಂದು ದಾಖಲಿಸಿ, ಕ್ಷಮೆಯನ್ನು ಸ್ವೀಕರಿಸಿ, ಅರ್ಜಿಯನ್ನು ಮುಗಿಸಿತು. ಕಿರಿಯ ವಿಜ್ಞಾನಿ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಮುಖ ಮುಚ್ಚಿಕೊಂಡಳು. ನನಗೆ ಅಳು ಬರಲಿಲ್ಲ. ಅಧೀನ ಕಾರ್ಯದರ್ಶಿ ಅಂದು ಬಂದೇ ಇರಲಿಲ್ಲ. ಅವರಿಗೆ ಬಡ್ತಿಯಾಗಿತ್ತು.

ಆ ಮುಂಗಾರಿಗೆ ಪಕ್ಕದ ಹೊಲದವನು ತಾಕನ್ನು ಪಾಳು ಬಿಡಲು ಮನಸ್ಸಾಗದೆ ತಾನೇ ರಾಗಿ ಚೆಲ್ಲಿದ. ತೆನೆ ತುಂಬಿದಾಗ ಫೋನ್ ಮಾಡಿ, ಬರಲೇಬೇಕೆಂದು ಹಟ ಹಿಡಿದ. ಹೋದೆ. ರಾಗಿ ಎದೆಯುದ್ದ ನಿಂತಿತ್ತು, ಕರಿಹಸಿರು. ಅವನ ಹೊಲದ ರಾಗಿ ಎಲ್ಲಿ ಮುಗಿಯುತ್ತದೆ, ನನ್ನ ತಾಕು ಎಲ್ಲಿ ಮೊದಲಾಗುತ್ತದೆ ಎಂದು ಹುಡುಕಿದೆ. ಕತ್ತಲಲ್ಲಿಯೂ ನಾನು ಆ ಗಡಿಯನ್ನು ಕಾಲಿನಿಂದ ಗುರುತಿಸಬಲ್ಲವನಾಗಿದ್ದೆ. ಈಗ ಹಗಲಿನಲ್ಲಿಯೇ ಕಾಣಲಿಲ್ಲ.

"ಎಂಗೈತೆ ಸಾ?"

"ಚೆನ್ನಾಗಿದೆಯಪ್ಪ."

"ಕೋರ್ಟ್ನಾಗೆ ಏನಾಯ್ತು?"

"ಮುಗೀತು."

"ಯಾರ್ ಕಡೀಗಾಯ್ತು?"

"ಆದೇಶ ಎಲ್ಲ ನಮ್ಮ ಕಡೆಗೇ ಇತ್ತು."

"ಅಂಗಾದ್ರೆ ಗೆದ್ದಂಗೇ ಬುಡಿ ಸಾ!" ಎಂದು ಅವನು ಬಾಗಿ, ಎಲ್ಲಕ್ಕಿಂತ ತುಂಬಿದ ಒಂದು ತೆನೆಯನ್ನು ಆರಿಸಿ ಮುರಿದು ನನ್ನ ಕೈಯಲ್ಲಿಟ್ಟ. ಅದು ಭಾರವಾಗಿತ್ತು. ಬಸ್ಸು ಬರುವವರೆಗೂ ಅದನ್ನು ಹಿಡಿದುಕೊಂಡೇ ನಿಂತಿದ್ದೆ.