ಹತ್ತಕ್ಕೂ ಹನ್ನೆರಡೂವರೆಗೂ ನಡುವೆ: ಶ್ರೀಮತಿ ಶಾಂತಕುಮಾರಿಯವರ ಸೇವಾಪಥ

ಷೇರುಪೇಟೆಯ ಬಗ್ಗೆ ಬರೆಯುವವರು ಗೆದ್ದವರ ಕಥೆ ಬರೆಯುತ್ತಾರೆ, ಇಲ್ಲವೇ ಮನೆಮಠ ಕಳೆದುಕೊಂಡವರ ಕಥೆ ಬರೆಯುತ್ತಾರೆ. ಆ ಪೇಟೆ ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಯಾವ ಯಾವ ಬೆಲೆಗೆ ಕರಾರು ಇರಬೇಕೆಂದು ಕೂತು ನಿರ್ಧರಿಸುವವರ ಹೆಸರು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ವಿನಿಮಯ ಕೇಂದ್ರದಲ್ಲಿ ಮೂರು ದಶಕಗಳಿಗೂ ಮೀರಿ ದುಡಿದು, ಕರಾರು ವಿಭಾಗದ ಮುಖ್ಯಸ್ಥೆಯಾಗಿ ಈ ವರ್ಷ ನಿವೃತ್ತರಾದ ಶ್ರೀಮತಿ ಶಾಂತಕುಮಾರಿ ರಾಮಯ್ಯನವರು ಅಂಥವರ ಸಾಲಿನಲ್ಲಿ ಮೊದಲಿಗರು. ಕಡಿಮೆ ಬೆಲೆಯ ಷೇರುಗಳ ಆಪ್ಷನ್‌ಗಳಿಗೆ ಸ್ಟ್ರೈಕ್ ಬೆಲೆಗಳ ಅಂತರ ಎಷ್ಟಿರಬೇಕು ಎಂಬ, ಹೊರಗಿನವರಿಗೆ ಒಣ ಲೆಕ್ಕವೆನಿಸುವ ಪ್ರಶ್ನೆಯನ್ನು ಅವರಷ್ಟು ಕಾಲ ಹೊತ್ತವರು, ಹೊತ್ತು ಅವರಷ್ಟು ದಣಿದವರು, ನಮ್ಮಲ್ಲಿ ಮತ್ತೊಬ್ಬರಿಲ್ಲ.

ವಿಷಯದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಕೈಯಲ್ಲಿರುವ ಷೇರಿನ ಬೆಲೆ ಬಿದ್ದೀತೆಂದು ಹೆದರುವವರು, ಮುಂದಿನ ಇಂಥ ದಿನದವರೆಗೆ ಇಂಥ ಬೆಲೆಗೆ ಮಾರುವ ಹಕ್ಕನ್ನು ಸ್ವಲ್ಪ ಹಣ ಕೊಟ್ಟು ಕೊಂಡಿಟ್ಟುಕೊಳ್ಳಬಹುದು; ಪೇಟೆಯಲ್ಲಿ ಅದನ್ನು ಪುಟ್ ಆಪ್ಷನ್ ಎನ್ನುತ್ತಾರೆ. ಆ ‘ಇಂಥ ಬೆಲೆ’ಯೇ ಸ್ಟ್ರೈಕ್. ಕೊಳ್ಳುವವರು ಅದನ್ನು ತಮ್ಮಿಷ್ಟದಂತೆ ಹೇಳುವಂತಿಲ್ಲ, ವಿನಿಮಯ ಕೇಂದ್ರ ಮೊದಲೇ ಕಟ್ಟಿಟ್ಟ ಮೆಟ್ಟಿಲುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎರಡು ಸಾವಿರ ರೂಪಾಯಿಯ ಷೇರಿಗೆ ಇಪ್ಪತ್ತು ರೂಪಾಯಿಗೊಂದು ಮೆಟ್ಟಿಲಿದ್ದರೆ ಅದು ನೂರಕ್ಕೆ ಒಂದರಷ್ಟು ಅಂತರ, ಯಾರಿಗೂ ಕಷ್ಟವಿಲ್ಲ. ಹನ್ನೆರಡು ರೂಪಾಯಿಯ ಷೇರಿಗೆ ಎರಡೂವರೆ ರೂಪಾಯಿಗೊಂದು ಮೆಟ್ಟಿಲಿದ್ದರೆ, ಒಂದರಿಂದ ಇನ್ನೊಂದಕ್ಕೆ ಇಳಿಯುವಷ್ಟರಲ್ಲಿ ಐದರಲ್ಲಿ ಒಂದು ಪಾಲು ಕರಗಿಹೋಗಿರುತ್ತದೆ.

ಶಾಂತಕುಮಾರಿಯವರು ಹುಟ್ಟಿ ಬೆಳೆದದ್ದು ಬೆಂಗಳೂರಿನ ಹಲಸೂರಿನಲ್ಲಿ. ತಂದೆ ರಾಮಯ್ಯನವರು ಅಂಚೆ ಇಲಾಖೆಯಲ್ಲಿ ಟಪಾಲು ವಿಂಗಡಿಸುತ್ತಿದ್ದವರು. ಬುದ್ಧ ಮತ್ತು ಬಾಬಾಸಾಹೇಬರ ಪಟಗಳಿದ್ದ ಗೋಡೆಗೇ ಮಗಳ ಓದುವ ಮೇಜನ್ನು ಒರಗಿಸಿ ಹಾಕಿಕೊಟ್ಟಿದ್ದರು. ಬೀದಿಯಲ್ಲಿ ತಮಿಳು, ಮಾರ್ಕೆಟ್ಟಿನಲ್ಲಿ ದಖನಿ, ಮನೆಯಲ್ಲಿ ಕನ್ನಡ ಕಲಿತು ಬೆಳೆದ ಹುಡುಗಿ ವಾಣಿಜ್ಯ ಪದವಿ ಮುಗಿಸಿ ವಿನಿಮಯ ಕೇಂದ್ರದ ಗುಮಾಸ್ತಿಕೆಗೆ ಸೇರಿದಾಗ ದಲ್ಲಾಳಿಗಳು ಇನ್ನೂ ಕೂಗಿ ಕೂಗಿ ವ್ಯಾಪಾರ ಮಾಡುತ್ತಿದ್ದರು. ಸಂಜೆಗೆ ಅವರೆಲ್ಲರ ಗಂಟಲು ಕಟ್ಟಿರುತ್ತಿತ್ತು, ಬರೆದುಕೊಳ್ಳುತ್ತಿದ್ದ ಇವರ ಬೆರಳು ಸೆಟೆದಿರುತ್ತಿತ್ತು. ಮದುವೆಯಾದ ಮೇಲೆ ಸಂಸಾರ ಕೆ.ಆರ್. ಪುರಕ್ಕೆ ಹೋಯಿತು, ಕಚೇರಿ ದೊಮ್ಮಲೂರಿಗೆ ಬಂತು. ಟಿನ್ ಫ್ಯಾಕ್ಟರಿಯ ಬಳಿಯ ವಾಹನ ದಟ್ಟಣೆಯಲ್ಲಿ ಬಸ್ಸಿನೊಳಗೆ ನಿಂತು ಕಳೆದ ಹೊತ್ತನ್ನೆಲ್ಲ ಒಟ್ಟು ಮಾಡಿದರೆ ಇನ್ನೊಂದು ಉದ್ಯೋಗವನ್ನೇ ಮಾಡಿ ಮುಗಿಸಬಹುದಿತ್ತು ಎಂದು ಅವರೇ ಹೇಳುವುದುಂಟು.

ಆಪ್ಷನ್ ವ್ಯವಹಾರ ಹೊಸದಾಗಿ ಬಂದಾಗ ಅಂತರಗಳ ಮೊದಲ ಪಟ್ಟಿ ಮಾಡುವ ಕೆಲಸ ಅವರಿಗೆ ಬಿತ್ತು. ಆರಂಭದಲ್ಲಿ ಅಗ್ಗದ ಷೇರುಗಳಿಗೆ ರೂಪಾಯಿಗೊಂದು ಸ್ಟ್ರೈಕ್ ಇಟ್ಟು ನೋಡಿದರು. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ವ್ಯಾಪಾರಿ ತೌಹೀದ್ ಅಂಥದೊಂದು ಸ್ಟ್ರೈಕ್‌ನಲ್ಲಿ ಆಪ್ಷನ್ ಕೊಂಡರು. ಬೆಲೆ ಅವರೆಣಿಸಿದಂತೆಯೇ ಸಾಗಿತು. ಕೊಂಡ ಹಕ್ಕನ್ನು ಮತ್ತೊಬ್ಬರಿಗೆ ಮಾರಲು ಹೋದರೆ ಮಾತ್ರ ಎದುರಿಗೆ ಕೊಳ್ಳುವವರೇ ಇರಲಿಲ್ಲ. ಅಷ್ಟೊಂದು ಸ್ಟ್ರೈಕ್‌ಗಳಲ್ಲಿ ಜನ ಚದುರಿಹೋಗಿದ್ದರು. ತೌಹೀದ್ ಕಚೇರಿಗೇ ಬಂದು ಶಾಂತಕುಮಾರಿಯವರ ಮೇಜಿನ ಎದುರು ಕೂತರು.

“ಲಾಭ ಕಾಣ್ತಾ ಐತೆ ಮೇಡಂ, ಕೈಗೆ ಬರ್ತಿಲ್ಲ. ಗಿರಾಕಿನೇ ಇಲ್ದಿರೋ ಅಂಗಡಿ ಯಾಕೆ ತೆಗೆದ್ರಿ?”

ಐವತ್ತು ರೂಪಾಯಿಗಿಂತ ಕೆಳಗಿನ ಎಲ್ಲ ಷೇರುಗಳಿಗೂ ಎರಡೂವರೆ ರೂಪಾಯಿಯ ಅಂತರವೆಂದು ಆಮೇಲೆ ಗೊತ್ತುಮಾಡಿದವರು ಶಾಂತಕುಮಾರಿಯವರೇ. ಸ್ಟ್ರೈಕ್‌ಗಳು ಕಡಿಮೆಯಾದವು, ಇದ್ದವುಗಳಲ್ಲಿ ಜನ ಸೇರಿದರು, ತೌಹೀದರಂಥವರು ಕೊಂಡದ್ದನ್ನು ಮಾರಿ ಮನೆಗೆ ಹೋಗುವಂತಾಯಿತು. ಬಹಳ ವರ್ಷ ಅದು ಚೆನ್ನಾಗಿಯೇ ನಡೆಯಿತು.

ಆ ನಡುವಿನ ವರ್ಷಗಳ ಬಗ್ಗೆ ಕೇಳಿದರೆ ಅವರು ಹೇಳುವುದು ಕಡಿಮೆ, ಅವರ ಕೈಕೆಳಗಿದ್ದವರು ಹೇಳುವುದು ಹೆಚ್ಚು. ಈಗ ಆ ವಿಭಾಗ ನೋಡಿಕೊಳ್ಳುತ್ತಿರುವ ಉಮ್ಮೆ ಕುಲ್ಸುಂ ಅವರು ಆಗಷ್ಟೇ ಕೆಲಸಕ್ಕೆ ಸೇರಿದ್ದ ಬಸುರಿ. ಕರಾರು ಮುಗಿಯುವ ಗುರುವಾರಗಳಂದು ವಿಭಾಗದಲ್ಲಿ ಯಾರಿಗೂ ತಲೆಯೆತ್ತಲು ಪುರುಸೊತ್ತಿರುತ್ತಿರಲಿಲ್ಲ. ಅಂಥ ಒಂದು ಗುರುವಾರ ಆಕೆಯ ಕಾಲು ಊದಿಕೊಂಡದ್ದನ್ನು ಕಂಡ ಶಾಂತಕುಮಾರಿಯವರು ತಾವು ಕೂತಿದ್ದ ಕುರ್ಚಿಯನ್ನೇ ಎಳೆದುಕೊಟ್ಟು ಕಾಲು ಮೇಲಿಡಿಸಿದರು. “ಇನ್ಮೇಲೆ ಗುರುವಾರ ನಿಂದಲ್ಲಮ್ಮ, ನಂದು. ಹೆರಿಗೆ ಆಗಿ ಮಗು ಕೂತ್ಕೊಳ್ಳೋ ತನಕ ಆ ಮಾತೇ ಎತ್ಬೇಡ” ಎಂದರು. ಮಗು ಕೂರುವುದಿರಲಿ, ನಡೆಯಲು ಕಲಿತ ಮೇಲೂ ಗುರುವಾರಗಳು ಅವರ ಪಾಲಿಗೇ ಉಳಿದವು. ಅವರೂ ಮನುಷ್ಯರೇ, ಅವರ ಕಾಲೂ ಊದುತ್ತಿತ್ತು ಎಂದು ಉಮ್ಮೆ ಕುಲ್ಸುಂ ಅವರಿಗೆ ಹೊಳೆದದ್ದು ಎಷ್ಟೋ ತಡವಾಗಿ.

ಅವರ ಸೇವಾವಧಿಯ ಅತ್ಯಂತ ಭಾರವಾದ ಅಧ್ಯಾಯ ಆರಂಭವಾದದ್ದು ಜಿಯಾವುಲ್ಲಾ ಅವರು ದೊಮ್ಮಲೂರಿನ ಕಚೇರಿಗೆ ಬಂದ ದಿನ. ಪುಲಿಕೇಶಿನಗರದ ಜಿಯಾವುಲ್ಲಾ ಒಂದು ಕೇಬಲ್ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು, ಅಲ್ಲಿನ ನಿವೃತ್ತ ಕಾರ್ಮಿಕರ ವೈದ್ಯಕೀಯ ಟ್ರಸ್ಟಿಗೆ ಕಾರ್ಯದರ್ಶಿ. ಟ್ರಸ್ಟಿನ ಆಸ್ತಿಯೆಂದರೆ ಅದೇ ಕಂಪನಿಯ ಷೇರುಗಳು. ಒಂದು ಕಾಲಕ್ಕೆ ನೂರರ ಹತ್ತಿರವಿದ್ದ ಷೇರು ಹನ್ನೆರಡಕ್ಕೆ ಬಂದಿತ್ತು. ವಾರ್ಷಿಕ ಸಭೆಯ ಒಪ್ಪಿಗೆಯಿಲ್ಲದೆ ಮಾರುವಂತಿರಲಿಲ್ಲ, ಸಭೆಗೆ ಇನ್ನೂ ಎರಡು ತಿಂಗಳಿತ್ತು. ಅಲ್ಲಿಯವರೆಗೆ ಪುಟ್ ಕೊಂಡು ಕಾಪಾಡಿಕೊಳ್ಳಿ ಎಂದು ಯಾರೋ ಸಲಹೆ ಕೊಟ್ಟಿದ್ದರು.

“ಹನ್ನೆರಡೂವರೆದು ಕೇಳಿದ್ರೆ ರೇಟು ನಮ್ ಕೈಗೆ ಎಟುಕೋದಿಲ್ಲ ಮೇಡಂ. ಹತ್ತರದು ಸಸ್ತಾ ಐತೆ, ಆದ್ರೆ ಹತ್ತರ ತನಕ ಬಿದ್ದಿದ್ದೆಲ್ಲ ನಮ್ಗೇ ಲುಕ್ಸಾನು. ನಮ್ಗೆ ಹನ್ನೊಂದರದು ಬೇಕು.”

“ಹನ್ನೊಂದು ಇಲ್ಲ ಭಾಯ್.”

“ಯಾಕಿಲ್ಲ? ಷೇರು ಹನ್ನೊಂದಕ್ಕೂ ನಡೀತದೆ, ಹನ್ನೊಂದೂಕಾಲಿಗೂ ನಡೀತದೆ.”

“ಷೇರು ನಡೀತದೆ. ಆಪ್ಷನ್‌ಗೆ ಹತ್ತು ಬಿಟ್ರೆ ಹನ್ನೆರಡೂವರೆ. ಹಾಗೆ ಹಾಕಿದೆ.”

“ಹಾಕಿದ್ದು ಯಾರು?”

“ನಾನೇ” ಎಂದರು ಶಾಂತಕುಮಾರಿಯವರು.

ಜಿಯಾವುಲ್ಲಾ ಸಿಟ್ಟಾಗಲಿಲ್ಲ. “ಹಂಗಾದ್ರೆ ಸರಿಯಾದ ಜಾಗಕ್ಕೇ ಬಂದೆ” ಎಂದು ನಕ್ಕು, ಕೊಟ್ಟ ಚಹಾ ಕುಡಿದು ಹೋದರು. ಅವರು ನಕ್ಕದ್ದೇ ಶಾಂತಕುಮಾರಿಯವರಿಗೆ ಹೆಚ್ಚು ಕಷ್ಟವಾಯಿತು.

ಅಂತರ ಬದಲಿಸುವುದು ಒಬ್ಬರ ಕೈಯಲ್ಲಿರುವ ಕೆಲಸವಲ್ಲ. ಸಮಿತಿ ಒಪ್ಪಬೇಕು, ನಿಯಂತ್ರಕರಿಗೆ ತಿಳಿಸಬೇಕು, ದಲ್ಲಾಳಿ ಸಂಸ್ಥೆಗಳಿಗೆಲ್ಲ ಮುಂಚಿತವಾಗಿ ಸುತ್ತೋಲೆ ಹೋಗಬೇಕು. ಸಮಿತಿಯ ಅಧ್ಯಕ್ಷರಾಗಿದ್ದ ಮುನೀಂದ್ರ ಅವರು ಕೆಟ್ಟವರಲ್ಲ, ಪೇಟೆ ಬಲ್ಲವರು.

“ಒಂದು ಟ್ರಸ್ಟಿಗೋಸ್ಕರ ಅಂತರದ ಟೇಬಲ್ ಬದಲಿಸೋಕಾಗುತ್ತಾ ಶಾಂತಾ ಅವ್ರೇ?”

“ಒಂದು ಟ್ರಸ್ಟಲ್ಲ ಸಾರ್. ಪೇಟೆ ಬಿದ್ದು ಎಷ್ಟೋ ಷೇರು ಇಪ್ಪತ್ತರ ಕೆಳಗೆ ಬಂದಿದಾವೆ. ನಲವತ್ತು ರೂಪಾಯಿ ಷೇರಿಗೆ ಹೊಲಿಸಿದ ಅಂಗೀನ ಹತ್ತು ರೂಪಾಯಿ ಷೇರಿಗೆ ಹಾಕ್ತಿದೀವಿ ನಾವು.”

“ರೂಪಾಯಿಗೊಂದು ಮಾಡಿದ್ರೆ ಮತ್ತೆ ಖಾಲಿ ಹೊಡೆಯುತ್ತೆ. ಹಿಂದೆ ಬೇಡ ಅಂದವ್ರು ನೀವೇ ಅಲ್ವಾ?”

ಹೌದು, ಅವರೇ. ವಿಷಯವನ್ನು ಮುಂದಿನ ತ್ರೈಮಾಸಿಕ ಸಭೆಗೆ ಮುಂದೂಡಲಾಯಿತು.

ಟ್ರಸ್ಟಿನವರು ಬೇರೆ ದಾರಿ ಕಾಣದೆ ಹತ್ತರ ಪುಟ್ ಕೊಂಡರು. ಷೇರು ಜಾರುತ್ತಾ ಜಾರುತ್ತಾ ಬಂದು, ಹತ್ತರ ಮೇಲೆ ಕೆಲವೇ ಪೈಸೆಗಳಲ್ಲಿ ನಿಂತುಬಿಟ್ಟಿತು. ಹತ್ತರ ಕೆಳಗೆ ಇಳಿಯದ ಕಾರಣ ಪುಟ್‌ನಿಂದ ಬಿಡಿಗಾಸೂ ಬರಲಿಲ್ಲ, ಕೊಟ್ಟ ಹಣವೂ ಹೋಯಿತು. ಟ್ರಸ್ಟಿನ ವಾರ್ಷಿಕ ಸಭೆ ಸೇರಿ ಅದೇ ಬೆಲೆಗೆ ಷೇರು ಮಾರಲು ಒಪ್ಪಿತು. ಆ ವರ್ಷ ಟ್ರಸ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರಿಗೆ ಮಾತ್ರ ನೆರವು ಉಳಿಸಿಕೊಂಡು, ಉಳಿದ ಚಿಕಿತ್ಸೆಗಳನ್ನು ತಡೆಹಿಡಿಯಿತು. ಸರದಿಯಲ್ಲಿ ಮೊದಲಿದ್ದದ್ದು ಜಿಯಾವುಲ್ಲಾ ಅವರದೇ ಮಂಡಿಯ ಶಸ್ತ್ರಚಿಕಿತ್ಸೆ.

ಇದು ತಿಳಿದ ದಿನ ಶಾಂತಕುಮಾರಿಯವರು ಹಲಸೂರಿನಲ್ಲಿ ಮೆಟ್ರೋ ಇಳಿದು, ತವರುಮನೆಯಲ್ಲಿ ತಮ್ಮ ಸುಗತನ ಮುಂದೆ ಎಲ್ಲ ಹೇಳಿಕೊಂಡರಂತೆ. “ಕೆಲಸ ಬಿಟ್ಬಿಡಕ್ಕ, ಸಾಕು” ಎಂದನಂತೆ ತಮ್ಮ. “ಬಿಟ್ರೆ ಆ ಟೇಬಲ್ಲು ಹಂಗೇ ಇರುತ್ತೆ ಕಣೋ” ಎಂದು ಎದ್ದು ಬಂದರಂತೆ.

ಮುಂದಿನ ಎರಡು ವರ್ಷಗಳ ದುಡಿಮೆಯನ್ನು ವಿವರಿಸಲು ಈ ಲೇಖನದ ಮಿತಿ ಸಾಲದು. ತೌಹೀದರ ದೂರೂ ನಿಜ, ಜಿಯಾವುಲ್ಲಾ ಅವರ ದೂರೂ ನಿಜ. ಎರಡಕ್ಕೂ ಒಂದೇ ಪಟ್ಟಿಯಲ್ಲಿ ಉತ್ತರ ಕೊಡಬೇಕಿತ್ತು. ಅವರು ಕಂಡುಕೊಂಡ ದಾರಿ ಹೇಳಲು ಸುಲಭ. ಬೆಲೆಯೊಂದನ್ನೇ ನೋಡದೆ, ಷೇರು ಕಳೆದ ತಿಂಗಳುಗಳಲ್ಲಿ ಎಷ್ಟು ಏರಿಳಿದಿದೆ ಎಂಬುದನ್ನೂ ನೋಡುವುದು. ಇವತ್ತಿನ ಬೆಲೆಯ ಅಕ್ಕಪಕ್ಕದಲ್ಲಿ ರೂಪಾಯಿಗೊಂದು, ತೀರಾ ಅಗ್ಗದ್ದಕ್ಕೆ ಅರ್ಧ ರೂಪಾಯಿಗೊಂದು ಸ್ಟ್ರೈಕ್ ಇಡುವುದು. ದೂರ ಹೋದಂತೆ ಮೊದಲಿನ ಅಗಲವಾದ ಅಂತರವನ್ನೇ ಉಳಿಸುವುದು. ವ್ಯಾಪಾರವೇ ಆಗದ ಸ್ಟ್ರೈಕ್‌ಗಳನ್ನು ಮುಂದಿನ ಕರಾರಿನಲ್ಲಿ ಕೈಬಿಡುವುದು. ಒಪ್ಪಿಸುವುದು ಮಾತ್ರ ಸುಲಭವಿರಲಿಲ್ಲ. ಹೊಸ ಸ್ಟ್ರೈಕ್‌ಗಳಲ್ಲಿ ಕೊಳ್ಳುವ ಬೆಲೆ, ಮಾರುವ ಬೆಲೆ ಎರಡನ್ನೂ ಸದಾ ತೋರಿಸಿ ಗಿರಾಕಿಯಾಗಿ ನಿಲ್ಲುವ ಸಂಸ್ಥೆಗಳು ಬೇಕಿದ್ದವು. ಇಂದಿರಾನಗರದಲ್ಲಿ ಅಂಥ ಸಂಸ್ಥೆಗಳ ಕಚೇರಿಗಳ ಮೆಟ್ಟಿಲನ್ನು ಅವರು ಒಂದೊಂದಾಗಿ ಹತ್ತಿ ಇಳಿದರು. ಪರದೆಯಿಂದ ಕಣ್ಣು ಕೀಳದ ಹುಡುಗರು, “ಅಗ್ಗದ ಷೇರಲ್ಲಿ ನಮಗೇನು ಸಿಗುತ್ತೆ ಮೇಡಂ?” ಎಂದು ಕೇಳಿದರೆ, ಅದಕ್ಕೂ ಲೆಕ್ಕ ತೋರಿಸಿದರು. ಒಪ್ಪಿದವರು ಮರುವಾರ ಹಿಂದೆ ಸರಿದರೆ ಮತ್ತೆ ಹೋದರು. ಆ ದಿನಗಳಲ್ಲಿ ಊಟದ ಡಬ್ಬಿ ಎಷ್ಟೋ ಸಲ ತೆರೆಯದೆ ಮನೆಗೆ ಮರಳುತ್ತಿತ್ತು. ಸಭೆಗಳಲ್ಲಿ ಅವರು ಕಣ್ಣು ಮುಚ್ಚಿ ಕೂತಿದ್ದರೆ ನಿದ್ದೆಯೋ ಯೋಚನೆಯೋ ಎಂದು ತಿಳಿಯದೆ ನಾವು ದನಿ ತಗ್ಗಿಸುತ್ತಿದ್ದೆವು.

ಕೊನೆಗೆ ಸಮಿತಿ ಒಪ್ಪಿತು. ಮುನೀಂದ್ರ ಅವರೇ ಮುಂದೆ ನಿಂತು ಮಂಡಿಸಿದರು ಎಂಬುದನ್ನು ಇಲ್ಲಿ ಹೇಳಲೇಬೇಕು. ಹೊಸ ಅಂತರ ಜಾರಿಗೆ ಬಂದ ಬೆಳಿಗ್ಗೆ ವಿಭಾಗದವರೆಲ್ಲ ಒಂದೇ ಪರದೆಯ ಮುಂದೆ ಸೇರಿದ್ದರು. ಬಹಳ ಹೊತ್ತು ಏನೂ ಆಗಲಿಲ್ಲ. ಶಾಂತಕುಮಾರಿಯವರ ಮುಖದಲ್ಲಿ ತೌಹೀದರು ಎದುರು ಕೂತ ಆ ಹಳೆಯ ದಿನದ ಭಯವೇ ಇತ್ತೆಂದು ಉಮ್ಮೆ ಕುಲ್ಸುಂ ನೆನೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಒಂದು ಷೇರಿನ ಹನ್ನೊಂದರ ಪುಟ್ ಯಾರೋ ಕೊಂಡರು, ಯಾರೋ ಕೊಟ್ಟರು. ಆಮೇಲೆ ಇನ್ನೊಂದು. ಹುಡುಗರು ಚಪ್ಪಾಳೆ ತಟ್ಟಿದರು. ಅವರು ತಟ್ಟಲಿಲ್ಲ, ಕಿಟಕಿಯ ಬಳಿ ಹೋಗಿ ಜಿಯಾವುಲ್ಲಾ ಅವರಿಗೆ ಫೋನು ಮಾಡಿದರು.

“ಹನ್ನೊಂದು ಬಂತು ಭಾಯ್.”

“ನಮ್ದು ಷೇರೆಲ್ಲ ಖಾಲಿ ಆಯ್ತಲ್ಲ ಮೇಡಂ. ಇರ್ಲಿ ಬಿಡಿ, ಯಾರ್ಗೋ ಆಗ್ತದೆ. ನೀವು ಊಟ ಮಾಡಿದ್ರಾ?”

“ಮಾಡ್ತೀನಿ ಭಾಯ್” ಎಂದು ಫೋನಿಟ್ಟು ಫ್ಲೈಓವರಿನ ಮೇಲೆ ಹೋಗುತ್ತಿದ್ದ ವಾಹನಗಳನ್ನು ನೋಡುತ್ತಾ ನಿಂತರು. ಗೆದ್ದ ದಿನ ಹೀಗಿರುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಆ ಪಟ್ಟಿಯನ್ನು ಪ್ರತಿ ಕರಾರು ಮುಗಿದಾಗಲೂ ತಿದ್ದುತ್ತಾ, ತಿದ್ದುವುದನ್ನು ಕಿರಿಯರಿಗೆ ಕಲಿಸುತ್ತಾ ಅವರು ದಿನ ದೂಡಿದರು ಎಂದರೆ ಅವರಿಗೇ ಒಪ್ಪಿಗೆಯಾದೀತು. ಜಿಯಾವುಲ್ಲಾ ಅವರ ಮಂಡಿಯ ಶಸ್ತ್ರಚಿಕಿತ್ಸೆ ತಡವಾಗಿಯಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು, ಕಾಲು ಮೊದಲಿನಂತಾಗಲಿಲ್ಲ. ಬೀಳ್ಕೊಡುಗೆಗೆ ಅವರು ಕೋಲೂರಿಕೊಂಡು ಬಂದಿದ್ದರು. ಹಾರ ತುರಾಯಿಗಳೆಲ್ಲ ಮುಗಿದ ಮೇಲೆ ಹತ್ತಿರ ಹೋಗಿ, “ಟ್ರಸ್ಟಲ್ಲಿ ಉಳಿದಿರೋ ದುಡ್ಡನ್ನ ಎಲ್ಲಿಡ್ಬೇಕು ಅಂತ ಹೇಳೋರು ಬೇಕು. ನಮ್ ಜೊತೆ ಬರ್ತೀರಾ ಮೇಡಂ?” ಎಂದು ಕೇಳಿದರು.

“ಬರ್ತೀನಿ ಭಾಯ್. ಮೊದ್ಲು ಒಂದಷ್ಟು ದಿನ ನಿದ್ದೆ ಮಾಡ್ಬೇಕು.”

ಶ್ರೀಮತಿ ಶಾಂತಕುಮಾರಿಯವರಿಗೆ ಆ ನಿದ್ದೆ ಮೊದಲು ದೊರೆಯಲಿ. ಅವರ ಗುರುವಾರಗಳು ಇನ್ನು ಮುಂದೆ ಅವರ ಮನೆಯವರಿಗೇ ಸಿಗಲಿ, ಊಟ ಹೊತ್ತಿಗೆ ಸರಿಯಾಗಿ ಆಗಲಿ. ಆಮೇಲೆ, ಆಯಾಸವೆಲ್ಲ ಕಳೆದ ಒಂದು ಬೆಳಿಗ್ಗೆ, ಅವರು ಪುಲಿಕೇಶಿನಗರದ ಆ ಸಣ್ಣ ಟ್ರಸ್ಟಿನ ಬಾಗಿಲು ತೆರೆದು ಒಳಗೆ ಹೋಗಿ ಕೂರಲಿ. ಅವರ ಮಾತು ಬೇಕಾದವರು ಅಲ್ಲಿ ಇನ್ನೂ ಬಹಳ ಕಾಲ ಬಂದು ಹೋಗುತ್ತಿರುತ್ತಾರೆ, ಅಷ್ಟು ಕಾಲವೂ ಅವರು ನಮ್ಮೊಡನೆ ಸುಖವಾಗಿರಲಿ.