ಒಣಗಿದ ಕಣ್ಣಿನ ನೀರು

ಮತದಾರರ ಪಟ್ಟಿ ತಿದ್ದಲು ತೇರಗಾಂವದಲ್ಲಿ ಮನೆಮನೆ ತಿರುಗುವ ಕೆಲಸ ಶಾಲೆಯ ಅಕ್ಕೋರಾದ ನನ್ನ ಕೊರಳಿಗೆ ಬಿದ್ದಿತ್ತು. ನನ್ನ ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದ ಮೇಲೆ ಐದು ವರ್ಷ ದಿನಾ ಒಂದು ಹಾರ್ಮೋನ್ ಗುಳಿಗೆ ನುಂಗಬೇಕು. ಅದು ನನ್ನ ಕಣ್ಣನ್ನು ಒಣಗಿಸುತ್ತದೆ. ಒಣಗಿದ ಕಣ್ಣು ಉರಿದು ಉರಿದು ನೀರು ಸುರಿಸುತ್ತದೆ. ಇದನ್ನು ನಾನು ನಂಬಬೇಕಾದರೆ ಡಾಕ್ಟರು ಎರಡು ಸಲ ಹೇಳಬೇಕಾಯಿತು.

ಒಂದು ಮನೆಯಲ್ಲಿ ಯಜಮಾನರು ತೀರಿಕೊಂಡಿದ್ದರು. ಅವರ ಹೆಸರಿನ ಮೇಲೆ ಗೆರೆ ಎಳೆಯುವಾಗಲೇ ನನ್ನ ಕಣ್ಣು ಶುರು ಮಾಡಿಕೊಂಡವು.

"ನಮ್ಮ ಮಾವ ನಿಮಗ ಗುರ್ತಿದ್ರೇನ್ರಿ ಅಕ್ಕೋರ?" ಎಂದಳು ಸೊಸೆ.

"ಇಲ್ಲವಾ, ಗುಳಿಗಿಯಿಂದ ಕಣ್ಣು ಒಣಗ್ಯಾವ. ಅದಕ್ಕ ನೀರು ಬರಾಕತ್ತೈತಿ."

"ಒಣಗಿದ್ರ ನೀರು ಹೆಂಗ ಬರ್ತೈತ್ರಿ? ಇರ್ಲಿ, ಮನಸಿನ್ಯಾಗ ಇಟ್ಕೋಬ್ಯಾಡ್ರಿ, ಅತ್ತುಬಿಡ್ರಿ. ಅವರು ಹೋದ ದಿನ ನಾವೂ ಇಷ್ಟು ಅತ್ತಿರಲಿಲ್ರಿ" ಎಂದು ತಾನೂ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ಇಡಲು ಹೋದಳು.

ಕ್ಯಾನ್ಸರ್ ಎಂದು ತಿಳಿದ ದಿನ ನನಗೆ ಒಂದು ಹನಿಯೂ ಬಂದಿರಲಿಲ್ಲ. ಗಟ್ಟಿ ಹೆಂಗಸು ಎಂದು ಊರೆಲ್ಲ ಹೊಗಳಿತ್ತು. ಈಗ ಮುಖವನ್ನೇ ನೋಡದ ಮನುಷ್ಯನಿಗಾಗಿ ಅಳುತ್ತ ಕೂತು ಚಹಾ ಕುಡಿದೆ.

ಹೊರಡುವಾಗ, ಅಷ್ಟು ಹೊತ್ತೂ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ ಯಜಮಾನರ ಹೆಂಡತಿ ನನ್ನ ಕೈ ಹಿಡಿದಳು.

"ನಾ ಸತ್ತಾಗ ನನ್ನ ಹೆಸರು ತಗಿಯಾಕೂ ನೀವ ಬರ್ರಿ ಅಕ್ಕೋರ. ಬ್ಯಾರೇದವ್ರನ್ನ ಕಳಸಬ್ಯಾಡ್ರಿ."

"ಬರ್ತೇನಿ ಅಜ್ಜಿ" ಎಂದೆ. ಈ ಕಣ್ಣೀರು ತರಿಸುವ ಗುಳಿಗೆ ಇನ್ನು ಎರಡೇ ವರ್ಷ ಎಂದು ಹೇಳಲು ಬಾಯಿ ಬರಲಿಲ್ಲ.