ವಿಮಾನದ ಬಾಲ ಹಿಡಿದವನ ಮುಖ

ಝೆಲಿಯಜ್ಜಿ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಗೋಡೆಯ ಮೇಲಿನ ಫೋಟೋಗಳನ್ನು, ಆಮೇಲೆ ಮನೆಯವರನ್ನು. ನೋಡಿ ಸುಮ್ಮನಿರುವ ಜಾಯಮಾನ ಅವಳದಲ್ಲ. ನಮ್ಮೂರಿನ ಹಳೆಯ ಮದುವೆ ಫೋಟೋಗಳಲ್ಲಿ ವಧುಗಳ ಮೊಡವೆ, ವರಗಳ ಬಕ್ಕತಲೆ ಮಾಯವಾಗಿದ್ದರೆ ಅದು ಅವಳ ಕೈಚಳಕ. ಮೊದಲ ಭೇಟಿಯಲ್ಲೇ ಅವಳು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಈ ಮೂಗು ತಿದ್ದಲು ಅರ್ಧ ದಿನವಾದರೂ ಬೇಕು ಎಂದಿದ್ದಳು. ನಾನು ಬಹಳ ದಿನ ಮುಖ ಊದಿಸಿಕೊಂಡೇ ಇದ್ದೆ.

ಜೀವಮಾನವಿಡೀ ಮುಖಗಳನ್ನು ತಿದ್ದಿದ ಆ ಹೆಂಗಸಿಗೆ ಒಂದೇ ಒಂದು ಮುಖ ಮರೆತುಹೋಗಿತ್ತು. ಅದು ಅವಳು ಹರೆಯದಲ್ಲಿ ಪ್ರೀತಿಸಿದ ಆಂಟಿಮ್‌ನದು. ಅವನ ದನಿ ನೆನಪಿತ್ತು, ಕೈ ನೆನಪಿತ್ತು, ಎಷ್ಟು ಸೋಪು ಉಜ್ಜಿದರೂ ಹೋಗದ ಹರಳೆಣ್ಣೆಯ ವಾಸನೆ ನೆನಪಿತ್ತು. ಕಣ್ಣು ಮುಚ್ಚಿದರೆ ಮುಖದ ಜಾಗದಲ್ಲಿ ಏನೂ ಇರುತ್ತಿರಲಿಲ್ಲ. ಸಾಯುವ ಮುಂಚೆ ಅದನ್ನೊಂದು ಸಲ ನೋಡಬೇಕು, ಇನ್ನೇನೂ ಬೇಡ ಎನ್ನುತ್ತಿದ್ದಳು.

ಪ್ಯಾರಿಸ್ಸಿನ ದಕ್ಷಿಣಕ್ಕಿರುವ ನಮ್ಮ ಬೋಸ್ ಬಯಲಿನಲ್ಲಿ ಗೋಧಿ ಬಿಟ್ಟರೆ ಆಕಾಶ. ಮರವಿಲ್ಲ, ಗುಡ್ಡವಿಲ್ಲ. ಅದಕ್ಕೇ ವಿಮಾನದ ಹುಚ್ಚಿನವರು ಇಲ್ಲಿಗೆ ಬಂದು ಶೆಡ್ಡು ಹಾಕಿದ್ದರು. ಭಾನುವಾರ ಪ್ಯಾರಿಸ್ಸಿನಿಂದ ರೈಲು ತುಂಬಾ ಜನ ಬರುತ್ತಿದ್ದರು. ಹಾಳು ಗಾಳಿಯೂ ಭಾನುವಾರವೇ ಬೀಸುತ್ತಿತ್ತು, ವಿಮಾನ ಏಳುತ್ತಿರಲಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದಲ್ಲ, ಅದಕ್ಕೆ ಊರಿನ ಫೋಟೋ ಸ್ಟುಡಿಯೋದ ಪುಲಾರ್ ಸಾಹೇಬರು ಒಂದು ಉಪಾಯ ಕಂಡುಕೊಂಡಿದ್ದರು. ನೆಲದ ಮೇಲೆ ನಿಂತ ವಿಮಾನದ ಫೋಟೋ ತೆಗೆಯುವುದು, ಅದರ ಗಾಜಿನ ನೆಗೆಟಿವ್ ಪ್ಲೇಟನ್ನು ತಮ್ಮಲ್ಲಿ ಕೆಲಸಕ್ಕಿದ್ದ ಹದಿನೇಳರ ಝೆಲಿಯ ಕೈಗೆ ಕೊಡುವುದು. ಅವಳು ಗಾಜಿನ ಹಿಂಬದಿಗೆ ಕೆಂಪು ಬಣ್ಣ ಬಳಿದು ಹೊಲ, ಶೆಡ್ಡು, ಮನುಷ್ಯರು ಎಲ್ಲವನ್ನೂ ಮುಚ್ಚುವಳು. ಬಣ್ಣವಿದ್ದಲ್ಲೆಲ್ಲ ಬೆಳಕು ತಾಗದೆ ಕಾಗದ ಬೆಳ್ಳಗೇ ಉಳಿದು ವಿಮಾನ ಆಕಾಶದಲ್ಲಿ ಹಾರುವುದು. ಪ್ಯಾರಿಸ್ಸಿನವರು ಆ ಕಾರ್ಡು ಕೊಂಡು, ಕಣ್ಣಾರೆ ಕಂಡೆವು ಎಂದು ಅತ್ತೆಯಂದಿರಿಗೆ ಬರೆದು ಕಳಿಸುತ್ತಿದ್ದರು.

ಹಾಗೆ ಮುಚ್ಚಿಹೋಗುತ್ತಿದ್ದವರಲ್ಲಿ ಆಂಟಿಮ್ ಕೂಡ ಒಬ್ಬ. ಅವನ ಕೆಲಸ ವಿಮಾನದ ಬಾಲ ಹಿಡಿಯುವುದು. ಇಂಜಿನ್ ಬಿಸಿಯಾಗಿ ಪೈಲಟ್ ಕೈ ಎತ್ತುವವರೆಗೆ ನಾಲ್ಕಾರು ಮಂದಿ ಹಿಮ್ಮಡಿ ಊರಿ ಬಾಲವನ್ನು ಜಗ್ಗಿ ಹಿಡಿದಿರಬೇಕಿತ್ತು. ಹಾರಿ ಹೆಸರು ಮಾಡುವವನು ಪೈಲಟ್, ಇಂಜಿನ್ನಿಗೆ ಹಾಕಿದ ಹರಳೆಣ್ಣೆಯನ್ನು ಮುಖಕ್ಕೆಲ್ಲ ಸಿಡಿಸಿಕೊಳ್ಳುವವರು ಇವರು. ಸಂಜೆ ಅವನು ಸ್ಟುಡಿಯೋ ಬಾಗಿಲಿಗೆ ಒರಗಿ ಕೇಳುತ್ತಿದ್ದನಂತೆ:

"ಏನಮ್ಮಾ, ಇವತ್ತು ನನ್ನನ್ನ ಅಳಿಸಿ ಆಯ್ತಾ?"

"ಆಯ್ತು. ಮೊದಲು ಆ ಮೂಗೇ."

ಹೀಗೆ ಮೂರು ಬೇಸಿಗೆ ಕಳೆದವು. ಮದುವೆಯ ಮಾತೂ ಆಗಿತ್ತು. ಸಾವಿರದೊಂಬೈನೂರ ಹದಿನಾಲ್ಕರಲ್ಲಿ, ಗೋಧಿ ಅರ್ಧ ಕೊಯ್ದಿರುವಾಗ ಚರ್ಚಿನ ಗಂಟೆ ಬಿಡದೆ ಹೊಡೆದುಕೊಂಡಿತು. ಯುದ್ಧ. ಅವನು ಸೈನ್ಯಕ್ಕೆ ಹೊರಡುವ ಮುಂಚೆ ಅವನದೊಂದು ಫೋಟೋ ತೆಗೆಸಿಟ್ಟುಕೋ ಎಂದು ತಾಯಿ ಹೇಳಿದ್ದಕ್ಕೆ ಝೆಲಿ ನಕ್ಕುಬಿಟ್ಟಳಂತೆ. ಸ್ಟುಡಿಯೋದ ಪ್ಲೇಟಿನ ಪೆಟ್ಟಿಗೆಗಳ ತುಂಬಾ ಅವನೇ ಇದ್ದಾನೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎದ್ದು ಬರುತ್ತಾನೆ ಎಂದಳಂತೆ.

ಅವನು ಬರಲಿಲ್ಲ. ಚರ್ಚಿನ ಮುಂದೆ ಯುದ್ಧದಲ್ಲಿ ಸತ್ತವರಿಗೆಂದು ನಿಲ್ಲಿಸಿದ ಕಲ್ಲಿನ ಮೇಲೆ ಅವನ ಹೆಸರಿದೆ, ಗೋರಿ ಎಲ್ಲಿಯೂ ಇಲ್ಲ. ಯುದ್ಧದ ವರ್ಷಗಳಲ್ಲಿ ಝೆಲಿ ಪ್ಯಾರಿಸ್ಸಿನಲ್ಲಿ ವಿಮಾನದ ರೆಕ್ಕೆಗಳಿಗೆ ಬಟ್ಟೆ ಹೊಲಿಯುತ್ತಿದ್ದಳು. ಮರಳಿ ಬಂದು ನೋಡಿದರೆ ಪೆಟ್ಟಿಗೆಗಳು ಖಾಲಿ. ಗಾಜಿಗೆ ಬರ ಬಂದಿದ್ದ ಕಾಲ ಅದು. ಪುಲಾರ್ ಸಾಹೇಬರು ಪ್ಲೇಟುಗಳನ್ನು ತೋಟದವರಿಗೆ ಮಾರಿದ್ದರು. ಅವರು ಕುದಿನೀರಲ್ಲಿ ಚಿತ್ರವನ್ನೆಲ್ಲ ತೊಳೆದು ಕರಬೂಜದ ಸಸಿಗಳಿಗೆ ಮುಚ್ಚಳ ಮಾಡಿಕೊಂಡಿದ್ದರು. ಝೆಲಿ ತೋಟ ತೋಟ ಅಲೆದು, ಬಗ್ಗಿ ಬಗ್ಗಿ ಒಂದೊಂದು ಗಾಜನ್ನೂ ನೋಡಿದಳು. ಎಲ್ಲದರ ಕೆಳಗೂ ಎಲೆ ಮಾತ್ರ ಕಾಣುತ್ತಿತ್ತು. ಆಮೇಲೆ ಅವಳು ಮದುವೆಯಾಗಲಿಲ್ಲ, ಕರಬೂಜವನ್ನೂ ತಿನ್ನಲಿಲ್ಲ. ಜನ ಎರಡನೆಯದಕ್ಕೆ ನಗುತ್ತಿದ್ದರು. ನನಗೆ ಎಂದೂ ನಗು ಬರಲಿಲ್ಲ.

ನಾನು ಆಗ ಪಟ್ಟಣದ ಹಳೆ ಫೋಟೋ ಭಂಡಾರದಲ್ಲಿ ಕೆಲಸಕ್ಕಿದ್ದೆ. ಅಜ್ಜಿಗೆ ಎಂಬತ್ತು ದಾಟಿದ್ದ ಒಂದು ಚಳಿಗಾಲ ಪುಲಾರರ ಮೊಮ್ಮಗಳು ಅಟ್ಟ ಗುಡಿಸುವಾಗ ಸಿಕ್ಕಿತೆಂದು ಒಂದು ಪೆಟ್ಟಿಗೆ ತಂದಿಟ್ಟಳು. ಹೆಚ್ಚಿನ ಪ್ಲೇಟುಗಳು ಒಡೆದುಹೋಗಿದ್ದವು. ಇಡಿಯಾಗಿದ್ದ ಒಂದರಲ್ಲಿ ಎರಡು ರೆಕ್ಕೆಯ ವಿಮಾನವಿತ್ತು, ಸುತ್ತಲೂ ಕೆಂಪು ಬಣ್ಣ. ನಾನು ಝೆಲಿಯಜ್ಜಿಗೆ ಹೇಳಿ ಕಳಿಸಿದೆ. ಅವಳು ಚರ್ಚಿಗೆ ಹೋಗುವ ಹ್ಯಾಟು ಹಾಕಿಕೊಂಡು ಬಂದಳು.

"ಒರೆಸು ಮರಿ," ಎಂದಳು.

ಒರೆಸುವಂತಿರಲಿಲ್ಲ. ಆ ಬಣ್ಣವೂ ಚರಿತ್ರೆಯೇ, ಮುಟ್ಟಬಾರದು ಎಂಬುದು ನಮ್ಮಲ್ಲಿಯ ನಿಯಮ. ಎಷ್ಟೋ ಜನಕ್ಕೆ ನಾನೇ ಗಂಟಲು ಹರಿಯುವಂತೆ ಅದನ್ನು ಹೇಳಿದ್ದೆ. ಅವಳಿಗೂ ಹೇಳಿದೆ.

"ಬಳಿದೋಳು ನಾನೇ ಅಲ್ವೇನೇ. ನನ್ನ ಬಣ್ಣ ನಾನು ವಾಪಸ್ ಕೇಳ್ತಾ ಇದೀನಿ."

ನಿಯಮ ಮುರಿದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಬಟ್ಟಲಲ್ಲಿ ನೀರು ತಂದೆ, ಹತ್ತಿ ತಂದೆ. ನಾನು ಗಾಜು ಹಿಡಿದೆ, ಅವಳು ಒರೆಸಿದಳು. ಗೋಧಿ ಹೊಲ ಬಂತು, ಶೆಡ್ಡಿನ ಮೂಲೆ ಬಂತು, ಬೂಟುಗಳು ಬಂದವು. ಬಾಲ ಹಿಡಿದವರು ಒಬ್ಬೊಬ್ಬರಾಗಿ ಎದ್ದು ಬಂದರು. ಎಲ್ಲರ ಮುಖವೂ ಸ್ಪಷ್ಟವಾಗಿತ್ತು, ಮೀಸೆಯ ತುದಿ ಸಹ. ಕಡೆಯಲ್ಲಿದ್ದವನ ಹೆಗಲು ಬಂತು, ಕುತ್ತಿಗೆ ಬಂತು. ಅದರ ಮೇಲೆ ಮುಖವಿರಲಿಲ್ಲ, ಮಂಜಿನಂಥ ಒಂದು ಕಲೆ ಇತ್ತು. ಫೋಟೋ ತೆಗೆಯುವ ಗಳಿಗೆಯಲ್ಲಿ ಆಂಟಿಮ್ ತಲೆ ತಿರುಗಿಸಿಬಿಟ್ಟಿದ್ದ.

ನನಗೆ ಅಳು ಬಂತು. ಇಷ್ಟು ವರ್ಷ ಕಾದವಳಿಗೆ ಸಿಕ್ಕಿದ್ದು ಇದಾ ಎಂದು ಸಿಟ್ಟೂ ಬಂತು. ಕಂಪ್ಯೂಟರಿನಂಥದ್ದೇನೂ ಇಲ್ಲದ ಕಾಲ ಅದು, ಕಲೆಯೊಳಗಿಂದ ಮುಖ ತೆಗೆಯುವವರು ಯಾರೂ ಇರಲಿಲ್ಲ. ಕ್ಷಮಿಸಜ್ಜಿ ಎಂದೆ.

ಅವಳು ಪ್ಲೇಟನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದಕ್ಕೆ ಬಣ್ಣ ಬಳಿಯೋವಾಗ ಅವನನ್ನ ಸರಿಯಾಗಿ ಬೈದಿದ್ದೆ. ಪ್ಲೇಟು ಕೆಡಿಸಿದ ಅಂತ," ಎಂದಳು. "ಬಾಕಿಯವರನ್ನ ನೋಡು ಮರಿ. ಎಲ್ರೂ ವಿಮಾನ ನೋಡ್ತಾ ಇದಾರೆ."

"ಇವನು?"

"ನಾನು ಕ್ಯಾಮರಾ ಪಕ್ಕ ನಿಂತಿದ್ದೆ."

ಅಭ್ಯಾಸ ಬಲದಿಂದ ಅವಳ ಬಲಗೈ ಆ ಕಲೆ ತಿದ್ದಲು ಚೀಲದಲ್ಲಿ ಕುಂಚ ಹುಡುಕುತ್ತಿತ್ತು. ಸಿಕ್ಕಿದ ಮೇಲೆ ಅದನ್ನು ನೋಡಿ, ಮತ್ತೆ ಚೀಲದೊಳಗೇ ಇಟ್ಟಳು.